ಮಗುವನ್ನೇ ಕೇಳಿ: ಕರುಳಿನ ತೊಂದರೆಯಿರುವ ಮಕ್ಕಳ ಬದುಕಿನ ಗುಣಮಟ್ಟ ಅಳೆಯುವ ಬಗೆ

(ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಗಳ ಅಧ್ಯಾಪಕರು, ಆಶಾ ಕಾರ್ಯಕರ್ತೆಯರು ಮತ್ತು ಹೆತ್ತವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಲಬದ್ಧತೆಯಿರುವ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ಕೇಳುವ ಪ್ರಶ್ನೆಗಳು ನಿಮಗೆಲ್ಲ ಗೊತ್ತು. ವಾರಕ್ಕೆ ಎಷ್ಟು ಸಲ ಹೋಗುತ್ತದೆ, ಗಟ್ಟಿಯೋ ಮೆದುವೋ, ನೋವುಂಟೋ, ರಕ್ತ ಕಂಡಿತೋ. ಕೇಳಲೇಬೇಕಾದ ಪ್ರಶ್ನೆಗಳೇ. ಉತ್ತರ ಹೇಳುವವರು ಅಮ್ಮ, ಇಲ್ಲವಾದರೆ ಅಜ್ಜಿ. ಮಗು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿರುತ್ತದೆ. ಮೂರು ತಿಂಗಳ ಔಷಧಿಯ ಬಳಿಕ ವಾರಕ್ಕೆ ಒಂದು ಸಲ ಇದ್ದದ್ದು ಐದು ಸಲ ಆದರೆ ‘ಸುಧಾರಿಸಿದೆ’ ಎಂದು ಚೀಟಿಯಲ್ಲಿ ಬರೆಯಲಾಗುತ್ತದೆ. ಆ ಮಗು ಶಾಲೆಯಲ್ಲಿ ಕಕ್ಕಸಿಗೆ ಹೋಗಬೇಕಾದೀತೆಂದು ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಿರಬಹುದು, ಶಾಲೆಯ ಪ್ರವಾಸಕ್ಕೆ ಹೆಸರು ಕೊಡದೆ ಇರಬಹುದು, ಯಾರಾದರೂ ಮೂಗು ಮುಚ್ಚಿಕೊಂಡರೆ ತನಗೇ ಎಂದು ಗಾಬರಿಯಾಗುತ್ತಿರಬಹುದು. ಚೀಟಿಯಲ್ಲಿ ಇದು ಯಾವುದೂ ಇಲ್ಲ. ಯಾಕೆಂದರೆ ಯಾರೂ ಕೇಳಲಿಲ್ಲ. ಕೇಳಿದರೂ ಮಗುವನ್ನು ಕೇಳಲಿಲ್ಲ.

ಹೀಗೆ ಕೇಳುವುದಕ್ಕೂ ಒಂದು ಕ್ರಮ ಉಂಟು. ಉತ್ತರವನ್ನು ಅಂಕೆಯಾಗಿ ಬರೆದಿಟ್ಟು, ಮೂರು ತಿಂಗಳ ಬಳಿಕ ಅದೇ ಪ್ರಶ್ನೆಯನ್ನು ಅದೇ ರೀತಿ ಕೇಳಿ ಹೋಲಿಸಲು ಬರುವಂಥ ಕ್ರಮ. ಇವತ್ತು ಹೇಳಹೊರಟಿರುವುದು ಅದನ್ನೇ.

ಮೊದಲು ಯಾವ ಮಕ್ಕಳ ವಿಷಯ ಎಂದು ಸ್ಪಷ್ಟಮಾಡಿಕೊಳ್ಳೋಣ. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿಲ್ಲದೆ ಹುಟ್ಟುವ ಹಿರ್ಶ್‌ಸ್ಪ್ರಂಗ್ ಕಾಯಿಲೆ, ಗುದದ್ವಾರ ಸರಿಯಾಗಿ ರೂಪುಗೊಳ್ಳದ ದೋಷ, ಇವೆರಡೂ ಸುಮಾರು 5,000 ಹೆರಿಗೆಗೆ ಒಂದರಂತೆ ಕಾಣುತ್ತವೆ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆದರೂ ಮಲದ ಹಿಡಿತದ ತೊಂದರೆ ವರ್ಷಗಟ್ಟಲೆ ಉಳಿಯಬಹುದು. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಕರುಳಿನ ಉರಿಯೂತಗಳು. ಬೆನ್ನುಹುರಿಯ ದೋಷದಿಂದ ಕರುಳಿಗೆ ನರದ ಹತೋಟಿ ತಪ್ಪಿದ ಮಕ್ಕಳೂ ಇದ್ದಾರೆ. ಇವರೆಲ್ಲರಿಗಿಂತ ಎಷ್ಟೋ ಹೆಚ್ಚು ಮಂದಿ ಅಂಗದ ದೋಷ ಒಂದೂ ಇಲ್ಲದ ಮಲಬದ್ಧತೆಯವರು. ಹೊಟ್ಟೆ, ಕರುಳಿನ ಇಂಥ ತೊಂದರೆಗಳನ್ನು ಗುರುತಿಸಲು ತಜ್ಞರು ಒಪ್ಪಿಕೊಂಡ 2016ರ ರೋಮ್ 4 ಮಾನದಂಡ ಇದಕ್ಕೆ ಆರು ಲಕ್ಷಣ ಹೇಳುತ್ತದೆ: ವಾರಕ್ಕೆ ಎರಡು ಅಥವಾ ಅದಕ್ಕಿಂತ ಕಡಿಮೆ ಸಲ ಹೋಗುವುದು, ವಾರಕ್ಕೊಮ್ಮೆಯಾದರೂ ಬಟ್ಟೆಯಲ್ಲೇ ಆಗುವುದು, ಬಂದದ್ದನ್ನು ತಡೆದು ಹಿಡಿಯುವುದು, ನೋವು ಅಥವಾ ಗಟ್ಟಿ ಮಲ, ಮಲಾಶಯದಲ್ಲಿ ಗಟ್ಟಿಯಾಗಿ ಕೂತ ಮಲದ ದೊಡ್ಡ ಗಡ್ಡೆ, ಕಕ್ಕಸು ಕಟ್ಟಿಕೊಳ್ಳುವಷ್ಟು ದಪ್ಪ ಮಲ. 4 ವರ್ಷ ದಾಟಿದ ಮಗುವಿನಲ್ಲಿ ಇವುಗಳಲ್ಲಿ ಎರಡಾದರೂ ಒಂದು ತಿಂಗಳು ಇದ್ದು, ಬೇರೆ ಕಾಯಿಲೆಯಿಂದ ಬಂದದ್ದಲ್ಲ ಎಂದು ಖಚಿತವಾದರೆ ಮಲಬದ್ಧತೆ ಎನ್ನುತ್ತಾರೆ.

‘ಏನೂ ದೋಷವಿಲ್ಲ, ಬರೀ ಮಲಬದ್ಧತೆ’ ಎಂದಾಗ ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಲಬದ್ಧತೆಯ ಮಕ್ಕಳು ತಮ್ಮ ಬದುಕಿಗೆ ತಾವೇ ಕೊಟ್ಟ ಅಂಕ, ಕರುಳಿನ ಉರಿಯೂತವಿದ್ದ ಮಕ್ಕಳು ಕೊಟ್ಟ ಅಂಕಕ್ಕಿಂತ ಕೆಳಗಿತ್ತು. ದೊಡ್ಡ ಹೆಸರಿನ ಕಾಯಿಲೆಗೆ ಮನೆಯಲ್ಲೂ ಶಾಲೆಯಲ್ಲೂ ಅನುಕಂಪ ಸಿಗುತ್ತದೆ. ಬಟ್ಟೆ ಹೊಲಸಾಗುವ ಮಗುವಿಗೆ ಸಿಗುವುದು ಹೆಚ್ಚಾಗಿ ಬೈಗಳು.

ಬೈಯುವುದು ಯಾಕೆ ತಪ್ಪು ಎಂದು ಅಧ್ಯಾಪಕರು ತಿಳಿದಿರಬೇಕು. ಮಗು ಒಮ್ಮೆ ನೋವಾಯಿತೆಂದು ತಡೆದು ಹಿಡಿಯುತ್ತದೆ. ಒಳಗೆ ಉಳಿದ ಮಲದಿಂದ ಕರುಳು ನೀರನ್ನು ಹೀರುತ್ತಲೇ ಇರುವುದರಿಂದ ಅದು ಇನ್ನೂ ಗಟ್ಟಿಯಾಗುತ್ತದೆ, ಮುಂದಿನ ಸಲ ಇನ್ನೂ ನೋವು, ಹಾಗಾಗಿ ಮತ್ತೆ ತಡೆಯುವುದು. ತಿಂಗಳುಗಟ್ಟಲೆ ಹೀಗಾದರೆ ಮಲಾಶಯ ಹಿಗ್ಗಿ, ‘ತುಂಬಿದೆ’ ಎಂಬ ಸೂಚನೆಯೇ ಮಂಕಾಗುತ್ತದೆ. ಗಡ್ಡೆಯ ಸುತ್ತಿನಿಂದ ತೆಳ್ಳಗಿನ ಮಲ ಸೋರಿ ಚಡ್ಡಿಗೆ ಬರುತ್ತದೆ. ಮಗುವಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ಸದಾ ಇರುವ ವಾಸನೆಗೆ ಅದರ ಮೂಗು ಒಗ್ಗಿಹೋಗಿರುವುದರಿಂದ ವಾಸನೆಯೂ ತಿಳಿಯುವುದಿಲ್ಲ. ಇದನ್ನು ಭೇದಿ ಎಂದು ತಿಳಿದು ಮಲ ಮೆದುಮಾಡುವ ಪುಡಿಯನ್ನು ಮನೆಯವರು ನಿಲ್ಲಿಸಿಬಿಟ್ಟರೆ ಗಡ್ಡೆ ಇನ್ನೂ ಬೆಳೆಯುತ್ತದೆ, ಸೋರುವುದೂ ಹೆಚ್ಚುತ್ತದೆ.

ಇನ್ನು ಅಳತೆಯ ವಿಷಯ. ಎರಡು ಲೆಕ್ಕ ಬೇರೆ ಬೇರೆ ಇಡಬೇಕು. ಒಂದು ಕರುಳಿನದ್ದು, ಇನ್ನೊಂದು ಬದುಕಿನದ್ದು.

ಕರುಳಿನ ಲೆಕ್ಕಕ್ಕೆ ಎರಡು ವಾರದ ದಿನಚರಿ ಸಾಕು. ಹೋದ ಹೊತ್ತು, ಮಲದ ರೂಪವನ್ನು ಏಳು ಬಗೆಯಾಗಿ ತೋರಿಸುವ ಬ್ರಿಸ್ಟಲ್ ಚಿತ್ರಪಟದಲ್ಲಿ ಎಷ್ಟನೆಯ ಬಗೆ (1 ಮತ್ತು 2 ಗಟ್ಟಿ, 3 ಮತ್ತು 4 ಸರಿ, 6 ಮತ್ತು 7 ತೀರಾ ಸಡಿಲ), ಬಟ್ಟೆಗೆ ಬರೀ ಕಲೆಯೋ, ಚಮಚದಷ್ಟೋ, ಪೂರ್ತಿಯೋ, ಔಷಧಿ ಕೊಟ್ಟದ್ದು ಹೌದೋ ಅಲ್ಲವೋ. ಅಂದಂದಿನದ್ದನ್ನು ಅಂದೇ ಬರೆಯಬೇಕು. ಡಾಕ್ಟರರಲ್ಲಿಗೆ ಹೋಗುವ ಹಿಂದಿನ ರಾತ್ರಿ ಒಟ್ಟಿಗೆ ತುಂಬಿಸಿದ ದಿನಚರಿ ಉಪಯೋಗಕ್ಕಿಲ್ಲ. ಒಂದೇ ಪೆನ್ನು, ಒಂದೇ ಕೈಬರಹದ ಓಟ ನೋಡಿದರೆ ಅದು ಗೊತ್ತಾಗುತ್ತದೆ.

ಬದುಕಿನ ಲೆಕ್ಕಕ್ಕೆ ಪರೀಕ್ಷಿಸಿ ನೋಡಿದ ಪ್ರಶ್ನಾವಳಿ ಬೇಕು. ಎಲ್ಲ ಕಾಯಿಲೆಗಳಿಗೂ ಆಗುವ ಸಾಮಾನ್ಯ ಪ್ರಶ್ನಾವಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಜೇಮ್ಸ್ ವಾರ್ನಿ ರೂಪಿಸಿದ ಪೆಡ್ಸ್‌ಕ್ಯೂಎಲ್ 4.0. ಅದರಲ್ಲಿ 23 ಪ್ರಶ್ನೆಗಳು: ದೇಹದ ಶಕ್ತಿಯ ಬಗ್ಗೆ 8, ಮನಸ್ಸಿನ ಬಗ್ಗೆ 5, ಜತೆಗಾರರ ಬಗ್ಗೆ 5, ಶಾಲೆಯ ಬಗ್ಗೆ 5. ಆರೋಗ್ಯವಂತ ಮಕ್ಕಳ ಜತೆ ಹೋಲಿಸಲು ಇದು ಬೇಕು. ಆದರೆ ಇದು ಓಡಲು, ಭಾರ ಎತ್ತಲು ಆಗುತ್ತದೆಯೇ ಎಂದು ಕೇಳುತ್ತದೆಯೇ ಹೊರತು ಕಕ್ಕಸಿನ ಭಯವನ್ನು ಕೇಳುವುದಿಲ್ಲ. ಆ ಕೊರತೆ ತುಂಬಲು ಕಾಯಿಲೆಗೇ ಮೀಸಲಾದ ಪ್ರಶ್ನಾವಳಿಗಳುಂಟು. ಕರುಳಿನ ಉರಿಯೂತಕ್ಕೆ ಕೆನಡಾದಲ್ಲಿ ಹುಟ್ಟಿದ ಇಂಪ್ಯಾಕ್ಟ್-3, 35 ಪ್ರಶ್ನೆಗಳದ್ದು. ಅಂಕ 35ರಿಂದ 175, ಹೆಚ್ಚಿದ್ದಷ್ಟೂ ಒಳ್ಳೆಯದು. ಪೆಡ್ಸ್‌ಕ್ಯೂಎಲ್‌ನದ್ದೇ ಹೊಟ್ಟೆ ಮತ್ತು ಕರುಳಿನ ಲಕ್ಷಣಗಳ ಭಾಗದಲ್ಲಿ 74 ಪ್ರಶ್ನೆಗಳು, 14 ವಿಭಾಗಗಳು. ಮಲವಿಸರ್ಜನೆಯ ಬಗೆಗಿನ ಆತಂಕಕ್ಕೆ, ಔಷಧಿ ತೆಗೆದುಕೊಳ್ಳುವ ಕಷ್ಟಕ್ಕೆ, ತನ್ನ ತೊಂದರೆಯನ್ನು ಇತರರಿಗೆ ಹೇಳಿಕೊಳ್ಳುವ ಕಷ್ಟಕ್ಕೆ ಅದರಲ್ಲಿ ಪ್ರತ್ಯೇಕ ವಿಭಾಗಗಳಿವೆ. ನಮ್ಮ ಮಕ್ಕಳಿಗೆ ಹೆಚ್ಚು ತಟ್ಟುವುದು ಈ ಮೂರೇ ಎಂಬುದು ನಮ್ಮ ಅಭಿಪ್ರಾಯ. 74 ಪ್ರಶ್ನೆ ಒಂದೇ ಸಲಕ್ಕೆ ಭಾರವಾದರೆ, ಬೇಕಾದ ವಿಭಾಗಗಳನ್ನು ಪೂರ್ತಿಯಾಗಿ ಆರಿಸಿಕೊಳ್ಳಿ; ಒಂದು ವಿಭಾಗದೊಳಗಿಂದ ಎರಡು ಪ್ರಶ್ನೆ ಹೆಕ್ಕಿ ಉಳಿದದ್ದನ್ನು ಬಿಡಬೇಡಿ.

ಒಂದೇ ಅಡಿಕೆ ಚೀಲಕ್ಕೆ ಬೆಳಿಗ್ಗೆ ಒಂದು ತೂಕ, ಮಧ್ಯಾಹ್ನ ಇನ್ನೊಂದು ತೂಕ ತೋರಿಸುವ ತಕ್ಕಡಿಯನ್ನು ನಾವು ನಂಬುವುದಿಲ್ಲ. ಪ್ರಶ್ನಾವಳಿಗೂ ಅದೇ ಪರೀಕ್ಷೆ. ಸ್ಥಿತಿ ಬದಲಾಗದ ಮಗುವಿಗೆ ಎರಡು ವಾರ ಬಿಟ್ಟು ಮತ್ತೆ ಕೊಟ್ಟರೆ ಹೆಚ್ಚುಕಡಿಮೆ ಅದೇ ಅಂಕ ಬರಬೇಕು. ಒಂದು ವಿಭಾಗದ ಪ್ರಶ್ನೆಗಳು ಒಂದಕ್ಕೊಂದು ಹೊಂದಬೇಕು. ಇದನ್ನು ಕ್ರೋನ್‌ಬ್ಯಾಕ್ ಆಲ್ಫಾ ಎಂಬ ಅಂಕೆಯಲ್ಲಿ ಹೇಳುತ್ತಾರೆ; ಅದು 1ಕ್ಕೆ ಹತ್ತಿರವಾದಷ್ಟೂ ಹೊಂದಿಕೆ ಹೆಚ್ಚು. ಗುಂಪು ಗುಂಪುಗಳನ್ನು ಹೋಲಿಸಲು 0.70 ಸಾಕು, ಒಂದೇ ಮಗುವಿನ ಬಗ್ಗೆ ತೀರ್ಮಾನಿಸಲು 0.90 ಬೇಕು. ಐದೇ ಪ್ರಶ್ನೆಗಳ ವಿಭಾಗಕ್ಕೆ 0.90 ಮುಟ್ಟುವುದು ಕಷ್ಟ. ಈ ಮಾತು ನೆನಪಿರಲಿ, ಅಂಕ ಓದುವಾಗ ಬೇಕಾಗುತ್ತದೆ.

ಸ್ವಂತವಾಗಿ ಅನುವಾದ ಮಾಡಿ ಹಂಚುವುದು ಬೇಡ. ಈ ಪ್ರಶ್ನಾವಳಿಗಳಿಗೆ ಹಕ್ಕುದಾರರಿದ್ದಾರೆ. ಪೆಡ್ಸ್‌ಕ್ಯೂಎಲ್‌ನ ಭಾಷಾರೂಪಗಳನ್ನು ಹಂಚುವುದು ಫ್ರಾನ್ಸಿನ ಮಾಪಿ ಸಂಸ್ಥೆ. ಅಲ್ಲಿಗೆ ಬರೆದು ಅನುಮತಿ ಪಡೆಯಬೇಕು. ಹೊಸ ಭಾಷೆಗೆ ತರುವ ಕ್ರಮವೂ ಗೊತ್ತಾದದ್ದೇ: ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲ ನೋಡದ ಮತ್ತೊಬ್ಬರು ಅದನ್ನು ಹಿಂದಕ್ಕೆ ಇಂಗ್ಲಿಷಿಗೆ ತಿರುಗಿಸಬೇಕು, ಕೊನೆಗೆ ಕೆಲವು ಮಕ್ಕಳ ಮುಂದಿಟ್ಟು ‘ನಿನಗೆ ಇದು ಏನೆಂದು ಅರ್ಥವಾಯಿತು’ ಎಂದು ಕೇಳಬೇಕು. ಈ ಕೊನೆಯ ಹಂತವನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಸುತ್ತು ಉಂಟು. ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ ಅಥವಾ ಮಲಯಾಳ, ಶಾಲೆಯಲ್ಲಿ ಕನ್ನಡ, ಆರೋಗ್ಯ ಇಲಾಖೆಯ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿ. ಓದಿ ತುಂಬಬಲ್ಲ ಮಗುವಿಗೆ ಅದು ಓದುವ ಭಾಷೆಯ ಪ್ರತಿ ಕೊಡಿ. ಅಮ್ಮನಿಗೆ ಮಲಯಾಳ ಸಲೀಸಾದರೆ ಅವರಿಗೆ ಆ ಪ್ರತಿ ಇರಲಿ. ಯಾವ ಭಾಷೆಯಲ್ಲಿ ಆಯಿತೆಂದು ಮೇಲ್ಗಡೆ ಬರೆದು, ಮುಂದಿನ ಸಲವೂ ಅದನ್ನೇ ಬಳಸಿ. ಕನ್ನಡದಲ್ಲಿ ಓದುತ್ತಾ ನಡುನಡುವೆ ತುಳುವಿನಲ್ಲಿ ಬಿಡಿಸಿ ಹೇಳಿದರೆ, ಮೂರು ತಿಂಗಳ ಬಳಿಕ ಬೇರೊಬ್ಬರು ಬೇರೆ ರೀತಿ ಬಿಡಿಸುತ್ತಾರೆ. ಆಗ ಅಂಕ ಬದಲಾದದ್ದು ಮಗು ಬದಲಾಗಿಯೋ, ಕೇಳಿದವರು ಬದಲಾಗಿಯೋ ಎಂದು ಹೇಳಲಾಗುವುದಿಲ್ಲ.

ಪೆಡ್ಸ್‌ಕ್ಯೂಎಲ್ ಪ್ರಶ್ನಾವಳಿ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ. 2ರಿಂದ 4 ವರ್ಷಕ್ಕೆ ಹೆತ್ತವರದ್ದು ಮಾತ್ರ. 5ರಿಂದ 7ರವರಿಗೆ ಪ್ರಶ್ನೆಯನ್ನು ಓದಿ ಹೇಳಿ, ನಗುವ, ಸುಮ್ಮನಿರುವ, ಅಳುಮೋರೆಯ ಮೂರು ಮುಖಗಳ ಚಿತ್ರದಲ್ಲಿ ಒಂದನ್ನು ತೋರಿಸಲು ಹೇಳಬೇಕು. 8ರಿಂದ 12 ಮತ್ತು 13ರಿಂದ 18ರವರು ತಾವೇ ತುಂಬುತ್ತಾರೆ. 5 ವರ್ಷದ ಮೇಲೆ ಮಗುವಿನದ್ದು ಮತ್ತು ಹೆತ್ತವರದ್ದು ಎರಡೂ ಬೇಕು, ಎರಡೂ ಬೇರೆ ಬೇರೆ ಜಾಗದಲ್ಲಿ ಆಗಬೇಕು. ಒಂದೇ ಬೆಂಚಿನಲ್ಲಿ ಕೂತರೆ ಮಗು ಅಮ್ಮನ ಮುಖ ನೋಡಿ ಉತ್ತರ ಕೊಡುತ್ತದೆ. ಹೊರಗೆ ಕಾಣುವ ವಿಷಯದಲ್ಲಿ, ಉದಾಹರಣೆಗೆ ನಡೆಯುವುದು, ಆಟ ಆಡುವುದು, ಇವರಿಬ್ಬರ ಉತ್ತರ ಹೆಚ್ಚಾಗಿ ಹೊಂದುತ್ತದೆ. ಭಯ, ಬೇಸರ, ಗೆಳೆಯರ ವಿಷಯದಲ್ಲಿ ಅಷ್ಟು ಹೊಂದುವುದಿಲ್ಲ. ಹೊಂದಲಿಲ್ಲ ಎಂದು ಒಂದನ್ನು ತಿದ್ದಬೇಡಿ. ಆ ಅಂತರವೇ ಒಂದು ಮಾಹಿತಿ. ಬೌದ್ಧಿಕ ಸವಾಲಿರುವ ಮಕ್ಕಳಿಗೆಂದೇ ಇರುವ ಬಡ್ಸ್ ಶಾಲೆಗಳಲ್ಲಿರುವ, ತಾವಾಗಿ ಉತ್ತರಿಸಲಾಗದ ಮಕ್ಕಳಿಗೆ ನೋಡಿಕೊಳ್ಳುವವರೇ ತುಂಬಬೇಕಾಗುತ್ತದೆ. ಆಗ ಯಾರು ತುಂಬಿದರೆಂದು ಬರೆದು, ಪ್ರತಿ ಸಲವೂ ಅವರಿಂದಲೇ ತುಂಬಿಸಿ.

ಯಾವಾಗ ಕೇಳಬೇಕು ಎಂಬುದೂ ಮುಖ್ಯ. ಡಾಕ್ಟರರನ್ನು ಕಾಣುವ ಮೊದಲು ಕೇಳಿ. ಒಳಗೆ ಬೆರಳಿಟ್ಟು ಪರೀಕ್ಷೆ ಆದ ಮೇಲೆ ಕೇಳಿದರೆ ಆ ನೋವು, ನಾಚಿಕೆ ಉತ್ತರಕ್ಕೆ ಅಂಟುತ್ತದೆ. ಪ್ರಶ್ನೆಗಳು ಹಿಂದಿನ ಒಂದು ತಿಂಗಳ ಬಗ್ಗೆ. ಹಾಗಾಗಿ ಏಪ್ರಿಲ್, ಮೇ ರಜೆಯಲ್ಲಿ ತುಂಬಿಸಿದ ಶಾಲೆಯ ವಿಭಾಗಕ್ಕೆ ಬೆಲೆಯಿಲ್ಲ. ಜೂನ್ 1ಕ್ಕೆ ಶಾಲೆ ಶುರುವಾದರೆ ಜುಲೈ ಮೊದಲ ವಾರದವರೆಗೆ ಕಾಯಿರಿ. ಸಣ್ಣ ಮಕ್ಕಳಿಗೆ ‘ಒಂದು ತಿಂಗಳು’ ಹಿಡಿತಕ್ಕೆ ಸಿಗುವುದಿಲ್ಲ. ‘ಓಣಂ ರಜೆ ಮುಗಿದು ಶಾಲೆಗೆ ಬಂದ ಮೇಲೆ’ ಎಂದರೆ ತಕ್ಷಣ ತಿಳಿಯುತ್ತದೆ. ಗಡ್ಡೆ ಹೊರಹಾಕಲು ಪಾಲಿಇಥಿಲೀನ್ ಗ್ಲೈಕಾಲ್ ಪುಡಿಯನ್ನು 3ರಿಂದ 6 ದಿನ, ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.5 ಗ್ರಾಂನಂತೆ ಡಾಕ್ಟರು ಬರೆಯುತ್ತಾರೆ. 20 ಕಿಲೋದ ಮಗುವಿಗೆ 20ರಿಂದ 30 ಗ್ರಾಂ. ಆ ದಿನಗಳಲ್ಲಿ ಬಟ್ಟೆಯಲ್ಲಿ ಆಗುವುದು ಹೆಚ್ಚುತ್ತದೆ. ಆ ವಾರ ಸೇರಿದ ತಿಂಗಳಲ್ಲಿ ಅಳೆದರೆ ಚಿಕಿತ್ಸೆಯಿಂದ ಮಗು ಕೆಟ್ಟಿತು ಎಂಬ ಸುಳ್ಳು ಚಿತ್ರ ಬರುತ್ತದೆ. ಮಳೆಗಾಲ, ಬೇಸಿಗೆಗಳನ್ನೂ ಬರೆದಿಡುವುದು ಒಳ್ಳೆಯದು. ಜೂನ್, ಜುಲೈಯಲ್ಲಿ ಒಗೆದ ಬಟ್ಟೆ ಒಣಗದೆ ಇದ್ದದ್ದು ಎರಡೇ ಚಡ್ಡಿ ಎಂದಾದಾಗ ಅದೇ ತೊಂದರೆ ಹೆಚ್ಚು ಕಾಡುತ್ತದೆ.

ಈಗ ಅಂಕ ಹಾಕುವುದು. ಪೆಡ್ಸ್‌ಕ್ಯೂಎಲ್‌ನಲ್ಲಿ ಉತ್ತರಗಳು 0ರಿಂದ 4: ಯಾವತ್ತೂ ತೊಂದರೆಯಿಲ್ಲ ಎಂದರೆ 0, ಹೆಚ್ಚುಕಡಿಮೆ ಯಾವಾಗಲೂ ತೊಂದರೆ ಎಂದರೆ 4. ಲೆಕ್ಕ ಹಾಕುವಾಗ ತಿರುವುಮುರುವು: 0ಕ್ಕೆ 100, 1ಕ್ಕೆ 75, 2ಕ್ಕೆ 50, 3ಕ್ಕೆ 25, 4ಕ್ಕೆ 0. ಮುಖಗಳ ಚಿತ್ರದಲ್ಲಿ ಮೂರೇ ಆಯ್ಕೆ: 0, 2, 4. ಶಾಲೆಯ ಐದು ಪ್ರಶ್ನೆಗೆ ಮಗು 1, 0, 2, 3, 3 ಎಂದು ಗುರುತು ಹಾಕಿದರೆ 75, 100, 50, 25, 25; ಕೂಡಿದರೆ 275, ಐದರಿಂದ ಭಾಗಿಸಿದರೆ 55.

ತಪ್ಪುಗಳು ಆಗುವುದು ಹೆಚ್ಚಾಗಿ ಮೂರು ಕಡೆ. ಖಾಲಿ ಬಿಟ್ಟ ಉತ್ತರವನ್ನು 0 ಎಂದು ತುಂಬುವುದು ಮೊದಲನೆಯದು. ಮೇಲಿನ ಮಗು ಕೊನೆಯ ಪ್ರಶ್ನೆ ಬಿಟ್ಟಿತೆನ್ನಿ. ಉತ್ತರಿಸಿದ ನಾಲ್ಕರ ಸರಾಸರಿ 62.5. ಖಾಲಿಯನ್ನು 0 ಮಾಡಿದರೆ ಅದು 100 ಆಗಿ ಸರಾಸರಿ 70ಕ್ಕೆ ಏರುತ್ತದೆ. ಖಾಲಿಯನ್ನು ಖಾಲಿಯಾಗಿಯೇ ಬಿಟ್ಟು ಉತ್ತರಿಸಿದವುಗಳಿಂದಲೇ ಭಾಗಿಸಬೇಕು. ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದರೆ ಆ ವಿಭಾಗಕ್ಕೆ ಅಂಕವೇ ಇಲ್ಲ. ಎರಡನೆಯದು, ಒಟ್ಟು ಅಂಕಕ್ಕೆ ನಾಲ್ಕು ವಿಭಾಗಗಳ ಸರಾಸರಿ ತೆಗೆಯುವುದು. ದೇಹ 87.5, ಮನಸ್ಸು 50, ಜತೆಗಾರರು 40, ಶಾಲೆ 60 ಎಂದಿದ್ದರೆ ಹಾಗೆ ಬರುವುದು 59.4. ಸರಿಯಾದದ್ದು 23 ಪ್ರಶ್ನೆಗಳ ಸರಾಸರಿ, 63.0. ಮೂರನೆಯದು ತಿರುವುಮುರುವು ಮರೆಯುವುದು. ಆಗ ಅತಿ ಹೆಚ್ಚು ನೊಂದ ಮಗು ಅತಿ ಸುಖಿಯಾಗಿ ಕಾಣುತ್ತದೆ.

ಅಂಕ ಎಷ್ಟು ಏರಿದರೆ ಏರಿತು ಎನ್ನಬಹುದು? ಪೆಡ್ಸ್‌ಕ್ಯೂಎಲ್‌ನ ಒಟ್ಟು ಅಂಕದಲ್ಲಿ ಮಗು ಹೇಳಿದ್ದಕ್ಕೆ 4.4, ಹೆತ್ತವರು ಹೇಳಿದ್ದಕ್ಕೆ 4.5 ಎಂಬ ಅಳತೆ ಬಳಕೆಯಲ್ಲಿದೆ. 23 ಪ್ರಶ್ನೆಗಳಲ್ಲಿ ನಾಲ್ಕು ಒಂದೊಂದು ಮೆಟ್ಟಿಲು ಸುಧಾರಿಸಿದರೆ 4.35 ಆಗುತ್ತದೆ, ಐದಾದರೆ 5.4. ಆದರೆ ಐದು ಪ್ರಶ್ನೆಗಳ ವಿಭಾಗದಲ್ಲಿ ಒಂದೇ ಪ್ರಶ್ನೆ ಒಂದೇ ಮೆಟ್ಟಿಲು ಕದಲಿದರೆ ಸಾಕು, 5 ಅಂಕ ಬದಲಾಗುತ್ತದೆ. ಆಗ ಹಿಂದೆ ಹೇಳಿದ 0.90ರ ಮಾತು ನೆನಪಾಗಬೇಕು. ಒಂದು ವಿಭಾಗದ ಐದು ಅಂಕದ ಏರಿಕೆಯನ್ನು ನಂಬಿ ಔಷಧಿ ಬದಲಿಸುವುದು, ನಿಲ್ಲಿಸುವುದು ಮಾಡಬಾರದು.

ಒಂದೇ ಮಗುವಿನ ಮಟ್ಟಿಗೆ ಒಟ್ಟು ಅಂಕಕ್ಕಿಂತ ಪ್ರಶ್ನೆ ಪ್ರಶ್ನೆಯನ್ನೇ ಓದುವುದು ಹೆಚ್ಚು ಉಪಯೋಗ. ಶಾಲೆಯ ವಿಭಾಗವನ್ನೇ ನೋಡಿ. ಐದರಲ್ಲಿ ಎರಡು ಪ್ರಶ್ನೆ ಶಾಲೆ ತಪ್ಪಿದ್ದರ ಬಗ್ಗೆ; ಒಂದು ಹುಷಾರಿಲ್ಲದೆ, ಇನ್ನೊಂದು ಆಸ್ಪತ್ರೆಗೆ ಹೋಗಲು. ಮುಳ್ಳೇರಿಯದಿಂದಲೋ ಪೆರ್ಲದಿಂದಲೋ ಮಗುವನ್ನು ಮಂಗಳೂರಿಗೆ ಕರೆದೊಯ್ದರೆ ಒಂದು ದಿನದ ಶಾಲೆ ಹೋಯಿತೆಂದೇ ಲೆಕ್ಕ. ಈ ಎರಡನೆಯ ಪ್ರಶ್ನೆಯೊಂದೇ ಕೆಳಗಿದ್ದರೆ ಅದು ಕರುಳಿನ ಅಂಕವಲ್ಲ, ದಾರಿಯ ಅಂಕ. ಅದಕ್ಕೆ ಮದ್ದು ಶನಿವಾರದ ದಿನ ಕೊಡುವುದು, ನಡುವಿನ ಭೇಟಿಯನ್ನು ಫೋನಿನಲ್ಲಿ ಮುಗಿಸುವುದು, ತೂಕ ನೋಡುವುದನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬಿಡುವುದು.

ಅಂಕ ಚೆನ್ನಾಗಿದ್ದೂ ಎಚ್ಚರ ಬೇಕಾದ ಸಂದರ್ಭ ಉಂಟು. ವರ್ಷಗಳಿಂದ ತೊಂದರೆಯಿರುವ ಮಗು ತನ್ನ ಬದುಕನ್ನು ಅದಕ್ಕೆ ತಕ್ಕ ಹಾಗೆ ಕುಗ್ಗಿಸಿಕೊಂಡುಬಿಡುತ್ತದೆ. ಅಜ್ಜನಮನೆಯಲ್ಲಿ ರಾತ್ರಿ ಉಳಿಯುವುದಿಲ್ಲ, ಆಟ ನೋಡಲು ಹೋಗುವುದಿಲ್ಲ, ಈಜಲು ಇಳಿಯುವುದಿಲ್ಲ. ಮಾಡದೇ ಇದ್ದದ್ದರಲ್ಲಿ ತೊಂದರೆಯೂ ಇಲ್ಲ. ಹಾಗಾಗಿ ಉತ್ತರ ‘ತೊಂದರೆಯಿಲ್ಲ’. ಪ್ರಶ್ನಾವಳಿ ಮುಗಿದ ಮೇಲೆ ಬೇರೆಯಾಗಿ ಒಂದು ಮಾತು ಕೇಳಿ: ‘ನಿನಗೆ ಇಷ್ಟವಿದ್ದೂ ಹೊಟ್ಟೆಯ ಕಾರಣಕ್ಕೆ ಬಿಟ್ಟದ್ದು ಏನಾದರೂ ಉಂಟಾ?’ ಉತ್ತರವನ್ನು ಮಗುವಿನ ಮಾತಿನಲ್ಲೇ ಬರೆದಿಡಿ, ಅಂಕಕ್ಕೆ ಸೇರಿಸಬೇಡಿ.

ತುಂಬಿಸಿದ ಹಾಳೆಯನ್ನು ಆ ದಿನವೇ ಓದಬೇಕು. ಭಯ, ದುಃಖದ ಪ್ರಶ್ನೆಗೆ 4 ಎಂದು ಗುರುತು ಹಾಕಿದ ಮಗುವಿನ ಹಾಳೆ ಕಡತಕ್ಕೆ ಹೋಗಿಬಿಟ್ಟರೆ, ಕೇಳಿ ಸುಮ್ಮನಾದವರ ಸಾಲಿಗೆ ನಾವೂ ಸೇರಿದೆವು. ಆ ಮಗುವಿನ ಜತೆ ಅಂದೇ ಒಬ್ಬರು ಕೂತು ಮಾತಾಡಬೇಕು. ಜತೆಗಾರರ ವಿಭಾಗ ಕೆಳಗಿದ್ದರೆ, ಮಗು ಒಪ್ಪಿದರೆ ಮಾತ್ರ, ತರಗತಿಯ ಟೀಚರಿಗೆ ತಿಳಿಸಬೇಕು. ಟೀಚರು ಮಾಡಬೇಕಾದದ್ದು ಹೆಚ್ಚೇನಿಲ್ಲ: ಬಾಗಿಲ ಹತ್ತಿರ ಜಾಗ, ಕೈಯೆತ್ತಿ ಕೇಳದೆ ಎದ್ದು ಹೋಗಲು ಅನುಮತಿ, ಬೀರುವಿನಲ್ಲಿ ಒಂದು ಜತೆ ಚಡ್ಡಿ ಮತ್ತು ಸಮವಸ್ತ್ರ, ಒಂದು ದಪ್ಪ ಪ್ಲಾಸ್ಟಿಕ್ ಚೀಲ, ಚಿಲಕ ಬೀಳುವ ನೀರಿರುವ ಒಂದು ಕಕ್ಕಸು. ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಮಧ್ಯಾಹ್ನದ ಊಟದ ಬಳಿಕ 5ರಿಂದ 10 ನಿಮಿಷ ಕೂರಲು ಬಿಡಿ. ಮನೆಯಲ್ಲಿ ಬಸ್ಸಿಗೆ ಓಡುವ ಮೊದಲು ಅಷ್ಟು ಹೊತ್ತು ಸಿಗುವಂತೆ ಅರ್ಧ ಗಂಟೆ ಬೇಗ ಎಬ್ಬಿಸಬೇಕು. ಕಮೋಡಿನಲ್ಲಿ ಕೂರುವ ಮಗುವಿನ ಕಾಲು ನೇತಾಡುತ್ತಿದ್ದರೆ ಕೆಳಗೊಂದು ಮಣೆ ಇಡಬೇಕು.

ಮಾತು ಮುಗಿದ ಮೇಲೆ ಅಧ್ಯಾಪಕರೊಬ್ಬರು ಕೇಳಿದರು: ಇದನ್ನು ಇಡೀ ಶಾಲೆಯ ಮಕ್ಕಳಿಗೆ ಕೊಟ್ಟು ತೊಂದರೆಯಿರುವವರನ್ನು ಹುಡುಕಬಹುದೇ ಎಂದು. ಬೇಡ. ಕಾಯಿಲೆ ಪತ್ತೆಮಾಡಲು ರೂಪಿಸಿದ ಪ್ರಶ್ನಾವಳಿಗಳಲ್ಲ ಇವು. ಅಂಕ ಕಡಿಮೆ ಬರಲು ಆಸ್ತಮಾ, ಮನೆಯ ಜಗಳ, ಪರೀಕ್ಷೆ ಯಾವುದೂ ಕಾರಣವಾಗಬಹುದು. ತರಗತಿಯಲ್ಲಿ ಎಲ್ಲರೆದುರು ಮಲದ ಬಗ್ಗೆ ಹಾಳೆ ಹಂಚಿದರೆ ಈಗಾಗಲೇ ನಾಚಿ ಕುಗ್ಗಿದ ಮಗು ಸುಳ್ಳೇ ಬರೆಯುತ್ತದೆ. ಹುಡುಕಲು ನಿಮ್ಮ ಕಣ್ಣೇ ಸಾಕು. ಕಾಲು ಬಿಗಿಹಿಡಿದು ತುದಿಗಾಲಲ್ಲಿ ನಿಲ್ಲುವುದು, ಮಧ್ಯಾಹ್ನ ಊಟಕ್ಕೆ ಕೂರದಿರುವುದು, ಒಬ್ಬರ ಪಕ್ಕದಲ್ಲಿ ಮಾತ್ರ ಯಾರೂ ಕೂರದಿರುವುದು ಕಂಡರೆ ಹೆತ್ತವರನ್ನು ಪ್ರತ್ಯೇಕವಾಗಿ ಕರೆದು ಮಾತಾಡಿ, ಡಾಕ್ಟರರಲ್ಲಿಗೆ ಕಳುಹಿಸಿ. ಮಲದಲ್ಲಿ ರಕ್ತ, ತೂಕ ಇಳಿಯುವುದು, ಎತ್ತರ ಬೆಳೆಯದಿರುವುದು, ಹಸಿರು ವಾಂತಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಹುಟ್ಟಿದ ಮೇಲೆ ಮೊದಲ ಮಲ 48 ಗಂಟೆ ಕಳೆದು ಆಗಿತ್ತೆಂಬ ಮಾತು, ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಪ್ರಶ್ನಾವಳಿಯನ್ನು ಅಲ್ಲಿಂದ ಮುಂದೆ, ಚಿಕಿತ್ಸೆ ಕೊಡುವವರು ತುಂಬಿಸಲಿ.